ಮುಪ್ಪಿನ ಗಾನವೂ ಅಭಿಮಾನಿಯ ಋಣವೂ

ಹೋದ ಮಾಘಮಾಸದಲ್ಲಿ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಎಂಟು ದಿನ ಇದ್ದು ಬರುವ ಸಂದರ್ಭ ಒದಗಿತು. ಅವನು ಯಂತ್ರಶಾಸ್ತ್ರವನ್ನೋದಿ, ಕಾರ್ಖಾನೆಯೊಂದರಲ್ಲಿ ದುಡಿದು, ಈಗ ವಿಶ್ರಾಂತಿಯಲ್ಲಿರುವವನು. ನಾನು ಮಕ್ಕಳಿಗೆ ರಾಮಶಬ್ದವನ್ನು ಹೇಳಿಕೊಡಲು ತೊಡಗಿದ ಕಾಲದಲ್ಲಿ ಅವನು ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ, ಗೆಳೆಯರು ನಕಲುಮಾಡಿಕೊಟ್ಟ ಕ್ಯಾಸೆಟ್ಟುಗಳಲ್ಲಿ, ಇಂಗ್ಲೆಂಡಿನ ‘ರೋಲಿಂಗ್ ಸ್ಟೋನ್ಸ್’ ಎಂಬ ತಂಡದ ಹಾಡುಗಳನ್ನು ಕೇಳುತ್ತಿದ್ದನು. ಆ ತಂಡವು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಸಲ ಹಾಡಿದುದು 1962ನೆಯ ಇಸವಿ ಜುಲೈ 12ರಂದು. ನನ್ನ ತಮ್ಮನು ಹುಟ್ಟಿದುದೂ ಆ ವರ್ಷದಲ್ಲಿಯೇ. ಈ ಕಾಕತಾಳೀಯವನ್ನು ಅವನು ತನ್ನ ಜಾತಕದಲ್ಲಿರುವ ಒಂದು ಶುಭಯೋಗವೆಂಬಂತೆ ಇಂದಿಗೂ ಹೇಳಿಕೊಳ್ಳುತ್ತಾನೆ.

ಅವನ ಕೋಣೆಯ ಗೂಡಿನಲ್ಲಿ ಆ ತಂಡದ ತಟ್ಟೆಗಳೆಲ್ಲ ಸಾಲಾಗಿ ನಿಂತಿವೆ. ಕಡೆಯಲ್ಲಿದ್ದ ಒಂದನ್ನು ನಾನು ಕೈಗೆತ್ತಿಕೊಂಡು ನೋಡಿದೆನು. ಅದು 2023ನೆಯ ಇಸವಿ ಅಕ್ಟೋಬರಿನಲ್ಲಿ ಹೊರಬಂದ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಆಲ್ಬಮ್. ಅದರ ಮೇಲಣ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ.

“ಇದನ್ನು ನೀನು ಕೇಳಿಲ್ಲವೇನೋ?” ಎಂದೆನು.

“ಮೊಬೈಲಿನಲ್ಲಿ ಎರಡು ಮೂರು ಹಾಡು ಕೇಳಿದೆ, ಅಣ್ಣಯ್ಯ. ಹಳೆಯವುಗಳ ಹಾಗೆ ಇಲ್ಲ ಎನ್ನಿಸಿತು. ಬಿಟ್ಟುಬಿಟ್ಟೆ.”

“ಹಾಗಾದರೆ ಇಷ್ಟು ಹಣ ಕೊಟ್ಟು ಕೊಂಡದ್ದೇಕೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಋಣ, ಅಣ್ಣಯ್ಯ. ನಲವತ್ತು ವರ್ಷ ನನಗೋಸ್ಕರ ಹಾಡಿದ್ದಾರೆ. ಕೇಳದಿದ್ದರೂ ಕೊಳ್ಳಬೇಕು” ಎಂದನು.

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿಕೊಂಡಿತು. ಊರಿಗೆ ಹಿಂದಿರುಗಿದ ಮೇಲೂ ಅದು ಬಿಡಲಿಲ್ಲ. ಕಲಾವಿದನಿಗೆ ನಾವು ಋಣಿಗಳೆಂಬುದು ನಿಜವೆ? ನಿಜವಾದರೆ ಆ ಋಣವು ತೀರುವ ಬಗೆ ಯಾವುದು? ಕೇಳದೆ ಕೊಂಡರೆ ತೀರುವುದೆ? ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಮೇಷ್ಟರಿಗೆ ರಾಕ್ ಸಂಗೀತದ ಗೊಡವೆ ಏಕೆಂದು ವಾಚಕರು ನಗಬಹುದು. ಆ ಸಂಗೀತದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ವೃದ್ಧಾಪ್ಯ, ಕೃತಜ್ಞತೆ, ಕ್ರಯವಿಕ್ರಯ ಈ ಮೂರೂ ಎಲ್ಲ ದೇಶದವರಿಗೂ ಸೇರಿದುವು. ಅವು ಒಂದೆಡೆ ಸೇರಿದಾಗ ಹುಟ್ಟುವ ಪ್ರಶ್ನೆಯನ್ನು ವಿಚಾರಿಸಲು ಕಂಠವಾಗಲಿ ಗಿಟಾರಾಗಲಿ ಬೇಕಾಗುವುದಿಲ್ಲ.

ಮೊದಲು ವಸ್ತುಸ್ಥಿತಿಯನ್ನು ಹೇಳುವೆನು. ಈ ತಂಡದ ಪ್ರಧಾನ ಗಾಯಕನಾದ ಮಿಕ್ ಜಾಗರ್ ಮತ್ತು ಗಿಟಾರು ಬಾರಿಸುವ ಕೀತ್ ರಿಚರ್ಡ್ಸ್ ಇಬ್ಬರೂ 1943ರಲ್ಲಿ ಕೆಂಟ್ ಸೀಮೆಯ ಡಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹುಟ್ಟಿದವರು. 2003ನೆಯ ಇಸವಿ ಏಪ್ರಿಲ್ 4ರಂದು ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಆಗ ಜಾಗರನಿಗೆ ಅರವತ್ತು ತುಂಬಲು ಕೆಲವೇ ತಿಂಗಳುಗಳಿದ್ದುವು. ಇವರನ್ನು ನೋಡಲು ಇದೇ ಕಡೆಯ ಅವಕಾಶವೆಂದು ಭಾವಿಸಿ ತಾನೂ ತನ್ನ ಗೆಳೆಯರೂ ಹೋದರೆಂದು ತಮ್ಮನು ಹೇಳುತ್ತಾನೆ. ಅದಾಗಿ ಇಪ್ಪತ್ತು ವರ್ಷಗಳ ಮೇಲೆ ಈ ಹೊಸ ಆಲ್ಬಮ್ ಬಂದಿತು. ಸ್ವಂತವಾಗಿ ಕಟ್ಟಿದ ಹೊಸ ಹಾಡುಗಳ ಆಲ್ಬಮ್ಮನ್ನು ಅವರು ಅದಕ್ಕೆ ಹಿಂದೆ ಕೊಟ್ಟಿದ್ದುದು 2005ರಲ್ಲಿ. ನಡುವೆ, 2021ರಲ್ಲಿ, ಅವರ ಡ್ರಮ್ ವಾದಕನಾದ ಚಾರ್ಲಿ ವಾಟ್ಸನು ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಸಾಯುವುದಕ್ಕೆ ಮೊದಲು ಬಾರಿಸಿದ್ದ ವಾದನ ಈ ಆಲ್ಬಮ್ಮಿನ ಎರಡು ಹಾಡುಗಳಲ್ಲಿದೆ. ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. 2025ರಲ್ಲಿ ಅದಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. 2024ರಲ್ಲಿ ಅವರು ಅಮೆರಿಕದಲ್ಲಿ ಸಂಚಾರ ಹೊರಟಾಗ ಆಶ್ರಯ ಕೊಟ್ಟುದು ಐವತ್ತು ದಾಟಿದವರ ಹಿತಕ್ಕಾಗಿ ಅಲ್ಲಿ ನಡೆಯುವ ಒಂದು ದೊಡ್ಡ ಸಂಸ್ಥೆ. ಆ ಸಭೆಗಳಲ್ಲಿ ಹೊಸ ಆಲ್ಬಮ್ಮಿನಿಂದ ಹಾಡಿದುವು ಕೆಲವು ಮಾತ್ರ. ಉಳಿದುವೆಲ್ಲ ಹಳೆಯ ಪರಿಚಿತ ಹಾಡುಗಳು.

ಇಲ್ಲಿ ಪೂರ್ವಪಕ್ಷವೊಂದುಂಟು. ರಾಕ್ ಎಂಬುದು ಯೌವನದ ಸಂಗೀತ. ಅದರ ಜೀವವೇ ಉದ್ಧತತನ. ಎಂಬತ್ತರ ಮುದುಕನು ಇಪ್ಪತ್ತರ ಹುಡುಗನಂತೆ ಕುಣಿಯುವುದು, ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ರಸವಲ್ಲ, ರಸಾಭಾಸ. ಅನೌಚಿತ್ಯವೇ ರಸಭಂಗಕ್ಕೆ ಕಾರಣವಷ್ಟೆ. ಸರ್ಕಾರವು ಅರವತ್ತು ತುಂಬಿದ ದಿನ ಮೇಷ್ಟರಿಗೆ ಹಾರ ಹಾಕಿ ಮನೆಗೆ ಕಳುಹಿಸುವಂತೆ ಗಾಯಕನೂ ತಾನಾಗಿ ಹೊರಡತಕ್ಕದ್ದು. ಹೊರಡದೆ ಹೊಸ ಆಲ್ಬಮ್ ಮಾಡಿ ಹಳೆಯ ಪ್ರೀತಿಯನ್ನು ಹಣವಾಗಿ ಮಾರ್ಪಡಿಸಿಕೊಳ್ಳುವವನು ಅಭಿಮಾನಿಯ ದಾಕ್ಷಿಣ್ಯವನ್ನು ಸುಲಿಯುತ್ತಾನೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಅರ್ಧ ಮಾತ್ರವೇ ಏಕೆಂದರೆ, ರಾಕ್ ಸಂಗೀತದ ಮೂಲವಾದ ಬ್ಲೂಸ್ ಎಂಬ ಗಾನವು ಎಂದಿಗೂ ಹುಡುಗರ ಸೊತ್ತಾಗಿರಲಿಲ್ಲ. ಅಮೆರಿಕದ ಕರಿಯ ಜನರು ದುಃಖವನ್ನುಂಡು ಹಾಡಿದ ಹಾಡು ಅದು. ಅದನ್ನು ಹಾಡಿದ ಬಿ. ಬಿ. ಕಿಂಗ್ ಎಂಬತ್ತು ದಾಟಿದ ಮೇಲೂ ಸಭೆಗಳಲ್ಲಿ ಹಾಡುತ್ತಿದ್ದನು. 2015ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನನ್ನು ನೋಡಿ ಯಾರೂ ಆಭಾಸವೆನ್ನಲಿಲ್ಲ. ಈ ಇಂಗ್ಲಿಷ್ ತಂಡವು ತನ್ನ ಹೆಸರನ್ನು ಪಡೆದುದೂ ಮಡ್ಡಿ ವಾಟರ್ಸ್ ಎಂಬ ಬ್ಲೂಸ್ ಗಾಯಕನ ಹಾಡಿನಿಂದ. ‘ಹ್ಯಾಕ್ನಿ ಡೈಮಂಡ್ಸ್’ ಮುಗಿಯುವುದು ಅದೇ ಹಾಡಿನಿಂದ. ತಾವು ಹೊರಟ ಬಾಗಿಲಿಗೆ ಅರವತ್ತು ವರ್ಷಗಳ ಮೇಲೆ ಮರಳಿ ಬಂದು ನಮಸ್ಕರಿಸಿದ ಆ ಮುದುಕರಲ್ಲಿ ನನಗೆ ಅನೌಚಿತ್ಯವೇನೂ ಕಾಣುವುದಿಲ್ಲ.

ಆದುದರಿಂದ ಔಚಿತ್ಯದ ಪ್ರಶ್ನೆ ವಯಸ್ಸನ್ನು ಕುರಿತದ್ದಲ್ಲ, ವಸ್ತುವನ್ನು ಕುರಿತದ್ದು. ಮುದುಕನು ಹುಡುಗನ ವೇಷವನ್ನು ಹಾಕಿದರೆ ಆಭಾಸ. ಮುದುಕನಾಗಿಯೇ ಹಾಡಿದರೆ ರಸ. ಡೇವಿಡ್ ಬೋವಿ ಎಂಬ ಇಂಗ್ಲೆಂಡಿನ ಗಾಯಕನು ತನ್ನ ರೋಗವನ್ನು ಲೋಕಕ್ಕೆ ತಿಳಿಸದೆ ‘ಬ್ಲ್ಯಾಕ್‌ಸ್ಟಾರ್’ ಎಂಬ ಆಲ್ಬಮ್ಮನ್ನು ಸಿದ್ಧಪಡಿಸಿದನು. ಅದು 2016ನೆಯ ಇಸವಿ ಜನವರಿ 8ರಂದು, ಅವನ ಅರವತ್ತೊಂಬತ್ತನೆಯ ಹುಟ್ಟಿದ ದಿನ, ಹೊರಬಂದಿತು. 10ರಂದು ಅವನು ಕಾಲವಾದನು. ಅದೇ ವರ್ಷ ಅಕ್ಟೋಬರಿನಲ್ಲಿ ಕೆನಡಾ ದೇಶದ ಲೆನರ್ಡ್ ಕೋಹೆನ್ ಎಂಬತ್ತೆರಡನೆಯ ವಯಸ್ಸಿನಲ್ಲಿ ಕಡೆಯ ಆಲ್ಬಮ್ಮನ್ನು ಕೊಟ್ಟು, ಮೂರು ವಾರದೊಳಗೆ ತೀರಿಕೊಂಡನು. ಮೃತ್ಯುವನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಈ ಹಾಡುಗಳನ್ನು ಇಪ್ಪತ್ತರ ಹುಡುಗನು ಹಾಡಿದ್ದರೆ ಅದೇ ಆಭಾಸವಾಗುತ್ತಿತ್ತು.

ಇನ್ನು ಹೊಸದು ಹಳೆಯದರಷ್ಟು ಚೆನ್ನಾಗಿಲ್ಲವೆಂಬ ಆಕ್ಷೇಪ. ಕಾಳಿದಾಸನು ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಈ ಆಕ್ಷೇಪವನ್ನೇ ಎತ್ತಿಕೊಂಡು ಸಮಾಧಾನ ಹೇಳಿರುವುದನ್ನು ವಾಚಕರು ಬಲ್ಲರು. ಅಲ್ಲಿ ಅವನ ಹೊಸ ನಾಟಕಕ್ಕೆ ಎದುರಾಗಿ ನಿಂತವರು ಭಾಸನೇ ಮೊದಲಾದ ಪೂರ್ವಕವಿಗಳು. ಈ ಮುದಿ ಗಾಯಕರ ಸಂಕಟ ಅದಕ್ಕಿಂತ ದೊಡ್ಡದು. ಇವರ ಹೊಸ ಹಾಡಿಗೆ ಎದುರಾಗಿ ನಿಲ್ಲುವವರು ಇವರೇ. ಎಂಬತ್ತರ ಜಾಗರನಿಗೆ ಇಪ್ಪತ್ತೆರಡರ ಜಾಗರನು ಪ್ರತಿಸ್ಪರ್ಧಿ; ಆ ಇಪ್ಪತ್ತೆರಡರವನ ಪಕ್ಷದಲ್ಲಿ ಕೇಳುವವನ ಯೌವನವೂ ಸೇರಿಕೊಂಡಿದೆ. ನನ್ನ ತಮ್ಮನು ಹಳೆಯ ತಟ್ಟೆಯನ್ನು ಹಾಕಿದಾಗ ಕೇಳುವುದು ಹಾಡನ್ನು ಮಾತ್ರವಲ್ಲ. ವಿದ್ಯಾರ್ಥಿನಿಲಯದ ರಾತ್ರಿಗಳನ್ನು, ಈಗ ಇಲ್ಲದ ಒಬ್ಬಿಬ್ಬರು ಗೆಳೆಯರ ನಗೆಯನ್ನು, ತಲೆತುಂಬ ಕೂದಲಿದ್ದ ತನ್ನನ್ನು ಕೇಳುತ್ತಾನೆ. ಇಂಥ ಪರಿವಾರವನ್ನು ಬೆನ್ನಿಗಿಟ್ಟುಕೊಂಡು ಬರುವ ಹಾಡಿನೆದುರು ನಿನ್ನೆ ಹುಟ್ಟಿದ ಹಾಡು ಹೇಗೆ ನಿಂತೀತು? ಹೊಸದು ಕೀಳೆಂದು ನಾವು ಕೊಡುವ ತೀರ್ಪಿನಲ್ಲಿ ಎಷ್ಟು ಭಾಗ ಹಾಡಿನ ದೋಷ, ಎಷ್ಟು ಭಾಗ ನಮ್ಮ ಕಳೆದುಹೋದ ಕಾಲದ ಮೇಲಣ ಮೋಹ ಎಂಬುದನ್ನು ಬೇರ್ಪಡಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ಇದಕ್ಕೆ ಅಮೆರಿಕದ ಬಾಬ್ ಡಿಲನ್ ಉತ್ತಮ ನಿದರ್ಶನ. 1966ರಲ್ಲಿ ಅವನು ಹಳೆಯ ಸೌಮ್ಯವಾದ ಜಾನಪದ ಧಾಟಿಯನ್ನು ಬಿಟ್ಟು ವಿದ್ಯುತ್ ಗಿಟಾರುಗಳೊಡನೆ ಇಂಗ್ಲೆಂಡಿನಲ್ಲಿ ಹಾಡಿದಾಗ, ಮ್ಯಾಂಚೆಸ್ಟರಿನ ಸಭೆಯಲ್ಲಿ ಅಭಿಮಾನಿಯೊಬ್ಬನು ಎದ್ದು, ಏಸುವಿಗೆ ಎರಡು ಬಗೆದ ಶಿಷ್ಯನ ಹೆಸರಿನಿಂದ ಅವನನ್ನು ಕೂಗಿದನು. ಅಂದು ದ್ರೋಹವೆನ್ನಿಸಿಕೊಂಡ ಆ ಹಾಡುಗಳನ್ನೇ ಇಂದು ಅಭಿಮಾನಿಗಳು ಹಳೆಯ ಚಿನ್ನವೆಂದು ಬೇಡುತ್ತಾರೆ. ಡಿಲನ್ನನಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಿತು. 2020ರಲ್ಲಿ, ಎಪ್ಪತ್ತೊಂಬತ್ತು ತುಂಬಿದ ಮೇಲೆ, ಅವನು ‘ರಫ್ ಅಂಡ್ ರೌಡಿ ವೇಸ್’ ಎಂಬ ಆಲ್ಬಮ್ಮನ್ನು ಕೊಟ್ಟನು. ಅದರ ಕಡೆಯ ಹಾಡು ಹದಿನೇಳು ನಿಮಿಷದಷ್ಟು ಉದ್ದ. 2021ರಿಂದ ಆರಂಭವಾದ ಸಂಚಾರದಲ್ಲಿ, ಆ ಕಡೆಯ ಹಾಡೊಂದನ್ನು ಬಿಟ್ಟು, ಹೊಸ ಆಲ್ಬಮ್ಮಿನ ಹಾಡುಗಳನ್ನೇ ಸಭೆಯ ಮುಂದಿಟ್ಟನು. ಹಳೆಯ ಪ್ರಸಿದ್ಧ ಹಾಡುಗಳನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗಿದ್ದೀತು. ಆದರೆ ಅವನು ಅವರನ್ನು ಜೀವಂತ ಶ್ರೋತೃಗಳೆಂದು ಗೌರವಿಸಿದನೆಂದೇ ನಾನು ಹೇಳುವೆನು.

ಇದಕ್ಕೆ ವಿರುದ್ಧವಾದ ಮಾರ್ಗವೂ ಇದೆ. ಸ್ವೀಡನ್ನಿನ ‘ಆಬ್ಬಾ’ ತಂಡವು, ರಾಕ್ ಅಲ್ಲದಿದ್ದರೂ, ಇಲ್ಲಿ ಸ್ಮರಿಸತಕ್ಕದ್ದು. ಅವರು ನಲವತ್ತು ವರ್ಷಗಳ ಮೇಲೆ, 2021ರಲ್ಲಿ, ಹೊಸ ಆಲ್ಬಮ್ಮನ್ನು ಕೊಟ್ಟರು. ಮರುವರ್ಷದ ಮೇ ತಿಂಗಳಿನಿಂದ ಲಂಡನ್ನಿನಲ್ಲಿ ಅದಕ್ಕಾಗಿಯೇ ಕಟ್ಟಿದ ರಂಗಮಂದಿರದಲ್ಲಿ ಸಭೆಗಳಿಗೂ ಏರ್ಪಾಡಾಯಿತು. ರಂಗದ ಮೇಲೆ ಕಾಣಿಸಿಕೊಂಡವರು ಮಾತ್ರ ಆ ನಾಲ್ವರು ವೃದ್ಧರಲ್ಲ. ಯಂತ್ರಗಣಿತದಿಂದ ರೂಪಿಸಿದ, 1979ರ ಹರೆಯದ ಅವರ ಛಾಯಾಮೂರ್ತಿಗಳು. ಜನರು ಸಂತೋಷಪಟ್ಟರು, ಸಂತೋಷವು ತಪ್ಪಲ್ಲ. ಆದರೆ ಅಭಿಮಾನಿಯು ಬಯಸುವುದು ಮುಪ್ಪಿಲ್ಲದ ಛಾಯೆಯನ್ನು ಮಾತ್ರವೇ ಆದರೆ ಅವನ ಭಕ್ತಿ ಯಾರಲ್ಲಿ ಎಂಬ ಪ್ರಶ್ನೆ ಉಳಿಯುವುದು. ಬದುಕಿರುವ ಮನುಷ್ಯನನ್ನು ಬದಿಗಿಟ್ಟು ಅವನ ಚಿತ್ರಪಟಕ್ಕೆ ಆರತಿ ಎತ್ತಿದಂತೆ ಅದು.

ಇನ್ನು ಮಾರಾಟದ ವಿಷಯ. ಆಲ್ಬಮ್ ಪಟ್ಟಿಯ ನೆತ್ತಿಗೇರಿತು ಎಂದರೆ ಜನರು ಅದನ್ನು ಕೇಳಿದರೆಂದು ಸಾಮಾನ್ಯರು ತಿಳಿಯುವರು. ಆ ಲೆಕ್ಕದ ಒಳಗನ್ನು ನೋಡಿದರೆ ಬೇರೆ ತೋರುವುದು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯು ವಾರವಾರವೂ ಇಂಥ ಪಟ್ಟಿಯನ್ನು ಪ್ರಕಟಿಸುತ್ತದೆ. ಅಂತರ್ಜಾಲದಲ್ಲಿ ಆಲ್ಬಮ್ಮಿನ ಹಾಡುಗಳು 1,500 ಸಲ ನುಡಿದರೆ ಒಂದು ಆಲ್ಬಮ್ ಮಾರಿದುದಕ್ಕೆ ಸಮವೆಂದು ಅದು 2014ರಲ್ಲಿ ಗೊತ್ತುಮಾಡಿತು. ಆಮೇಲೆ ಆ ಸಂಖ್ಯೆ ಬದಲಾಗಿದೆ, ಕ್ರಮ ಉಳಿದಿದೆ. ಎಂದರೆ, ಕೊಂಡು ಹೊದಿಕೆಯನ್ನೂ ಬಿಚ್ಚದ ನನ್ನ ತಮ್ಮನಂಥವನು ಒಬ್ಬನು ಒಂದು ತಕ್ಕಡಿಯಲ್ಲಿ. ಎದುರು ತಕ್ಕಡಿಯಲ್ಲಿ ಸಾವಿರದೈನೂರು ಶ್ರವಣಗಳು. ಮುದಿ ಗಾಯಕರ ಅಭಿಮಾನಿಗಳು ವಸ್ತುವನ್ನು ಕೈಯಲ್ಲಿ ಹಿಡಿದು ಅಭ್ಯಾಸವಾದವರಾದುದರಿಂದ ಮೊದಲ ವಾರದ ಪಟ್ಟಿಯಲ್ಲಿ ಅವರ ತೂಕ ಹೆಚ್ಚು. ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಲ್ಲರು. ‘ಹ್ಯಾಕ್ನಿ ಡೈಮಂಡ್ಸ್’ ತಟ್ಟೆಯನ್ನು ಅಮೆರಿಕದ ಬೇಸ್‌ಬಾಲ್ ತಂಡಗಳ ಚಿಹ್ನೆಗಳುಳ್ಳ ಬೇರೆ ಬೇರೆ ಹೊದಿಕೆಗಳಲ್ಲಿಯೂ ಮಾರಿದರು. ಒಳಗಿನ ಹನ್ನೆರಡು ಹಾಡುಗಳು ಅವೇ.

ಇನ್ನೊಂದು ಉಪಾಯವಿತ್ತು. ಸಭೆಯ ಟಿಕೀಟಿನೊಡನೆ ಆಲ್ಬಮ್ಮನ್ನು ಸೇರಿಸಿ ಕೊಡುವುದು. ಅದನ್ನು ಮಾರಾಟವೆಂದು ಎಣಿಸುವುದು. 1983ರಲ್ಲಿ ಹುಟ್ಟಿದ ‘ಬಾನ್ ಜೋವಿ’ ತಂಡದ, 2016ರಲ್ಲಿ ಹೊರಬಂದಿದ್ದ ಆಲ್ಬಮ್ಮೊಂದು ಹೀಗೆ 2018ರ ಮಾರ್ಚಿಯಲ್ಲಿ ಮತ್ತೆ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿತು. ಮರುವಾರವೇ ನೂರಕ್ಕೂ ಹೆಚ್ಚು ಮೆಟ್ಟಲು ಕೆಳಕ್ಕೆ ಜಾರಿತು. ಇಂಥ ಜೋಡಣೆಯನ್ನು ಮೊದಲಿನಂತೆ ಎಣಿಸುವುದನ್ನು ಬಿಲ್‌ಬೋರ್ಡ್ 2020ರಲ್ಲಿ ನಿಲ್ಲಿಸಿತು. ಬೋವಿಯ ಕಡೆಯ ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು. ಆ ಗೌರವ ಅವನಿಗೆ ಅಲ್ಲಿ ಅದೇ ಮೊದಲು. ಆದರೆ ಅದನ್ನು ಕೊಂಡವರು ಹಾಡಿಗೆ ಬೆಲೆ ಕೊಟ್ಟರೋ ಸಾವಿಗೆ ಹೂವಿಟ್ಟರೋ ಯಾವ ಅಂಕಿ ಹೇಳೀತು? ಸಂಖ್ಯೆಯು ಕೈಯಿಂದ ಬಿಟ್ಟ ಹಣವನ್ನು ಅಳೆಯುವುದೇ ಹೊರತು ಕಿವಿಯನ್ನು ಅಳೆಯದು.

ಈಗ ಮೊದಲ ಪ್ರಶ್ನೆಗೆ ಬರೋಣ. ಕಲಾವಿದನಿಗೆ ನಾವು ಋಣಿಗಳೆ? ಸಂಶಯವಿಲ್ಲ. ಬದುಕಿನ ಕಷ್ಟದ ದಿನಗಳಲ್ಲಿ ಒಂದು ಹಾಡು ನಮ್ಮನ್ನು ಎತ್ತಿ ಹಿಡಿದಿದ್ದರೆ ಅದರ ಉಪಕಾರವು ತಟ್ಟೆಗೆ ಕೊಟ್ಟ ಹಣದಿಂದ ತೀರಲಿಲ್ಲ. ಆದರೆ ಋಣಗಳಲ್ಲಿ ಭೇದವುಂಟು. ನಮ್ಮ ಪೂರ್ವಿಕರು ಮನುಷ್ಯನಿಗೆ ಹುಟ್ಟಿನಿಂದಲೇ ದೇವಋಣ, ಪಿತೃಋಣ, ಋಷಿಋಣಗಳೆಂಬ ಮೂರು ಋಣಗಳಿವೆಯೆಂದರು. ಇವುಗಳಲ್ಲಿ ಪ್ರತಿಯೊಂದಕ್ಕೂ ತೀರಿಸುವ ಬಗೆ ಬೇರೆ ಬೇರೆ. ದೇವಋಣಕ್ಕೆ ಯಜ್ಞ, ಪಿತೃಋಣಕ್ಕೆ ಸಂತಾನ, ಋಷಿಋಣಕ್ಕೆ ಅಧ್ಯಯನ. ಋಷಿಗೆ ಹಸುವನ್ನು ಕೊಟ್ಟರೂ ಚಿನ್ನವನ್ನು ಕೊಟ್ಟರೂ ಅವನು ಕಂಡುದನ್ನು ಓದದಿದ್ದರೆ ಋಣ ನಿಂತೇ ಇರುವುದು. ಗಾಯಕನ ಋಣವು ಈ ಜಾತಿಯದೆಂದು ನನ್ನ ಅಭಿಪ್ರಾಯ. ಅದು ಕೇಳುವುದರಿಂದ ತೀರತಕ್ಕದ್ದು. ಕೇಳದೆ ಕೊಳ್ಳುವುದು ವೇದಪುಸ್ತಕಕ್ಕೆ ರೇಷ್ಮೆವಸ್ತ್ರ ಸುತ್ತಿ ಅಟ್ಟದ ಮೇಲಿಟ್ಟಂತೆ.

ಹಾಗಾದರೆ ಹಣ ಕೊಡಬೇಡವೆ? ಕೊಡಲೇಬೇಕು. ದುಡಿದವನಿಗೆ ಕೂಲಿ ಸಲ್ಲತಕ್ಕದ್ದು. ಕೋಟಿಗಳನ್ನು ಗಳಿಸಿದ ಕೆಲವರನ್ನು ಬಿಟ್ಟರೆ ವಯಸ್ಸಾದ ವಾದ್ಯಗಾರರಲ್ಲಿ ಎಷ್ಟೋ ಮಂದಿಗೆ ಆ ಹಣವೇ ಔಷಧಿ, ಮನೆಯ ಬಾಡಿಗೆ. ಅಂಥವನು ಮಾಡಿದ ತಟ್ಟೆಯನ್ನು ಕೊಳ್ಳುವುದು ಧರ್ಮ. ಆದರೆ ಕೊಂಡು ಕೇಳದಿರುವುದನ್ನು ದಾನವೆಂದು ಕರೆಯಬಹುದು, ಅನುಕಂಪವೆಂದು ಕರೆಯಬಹುದು, ಅಭಿಮಾನವೆಂದು ಕರೆಯಬಾರದು. ಅಭಿಮಾನಿಯ ಬಾಯಿಂದ ‘ಈ ಹಾಡು ಚೆನ್ನಾಗಿಲ್ಲ’ ಎಂಬ ಮಾತು ಕೇಳಿ ಕೊಟ್ಟದ್ದಾದರೆ, ಅದು ಕೇಳದೆ ಕೊಟ್ಟ ಹೊಗಳಿಕೆಗಿಂತ ದೊಡ್ಡ ಕಾಣಿಕೆ.

ಇದನ್ನು ನಾನು ಶಾಸ್ತ್ರದ ಬಲದಿಂದ ಮಾತ್ರ ಹೇಳುತ್ತಿಲ್ಲ. ನಿವೃತ್ತನಾದ ಮೇಲೆ ನಾನೂ ಒಂದು ಆಲ್ಬಮ್ ಮಾಡಿದವನೇ. ಸುಭಾಷಿತಗಳ ಮೇಲೆ ಬರೆದ ಚಿಕ್ಕ ವ್ಯಾಖ್ಯಾನವೊಂದನ್ನು ಸ್ವಂತ ಖರ್ಚಿನಿಂದ ಮುನ್ನೂರು ಪ್ರತಿ ಅಚ್ಚುಹಾಕಿಸಿದೆನು. ಹಳೆಯ ಶಿಷ್ಯರು ಬಂದು ಕಾಲಿಗೆರಗಿ, ಒಬ್ಬೊಬ್ಬರು ಐದೈದು ಪ್ರತಿ ಕೊಂಡರು. ಎರಡು ತಿಂಗಳಲ್ಲಿ ಪುಸ್ತಕವೆಲ್ಲ ಖರ್ಚಾಯಿತು. ನಾನು ಉಬ್ಬಿದೆನು. ಆಮೇಲೆ ಒಬ್ಬ ಶಿಷ್ಯನ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಕೈಕಾಲು ತೊಳೆಯಲೆಂದು ಒಳಗೆ ಹೋದವನು, ಮೂಲೆಯಲ್ಲಿ ನನ್ನ ಐದು ಪುಸ್ತಕಗಳು ಕಟ್ಟಿದ ದಾರವನ್ನೂ ಬಿಚ್ಚದೆ ಇರುವುದನ್ನು ಕಂಡೆನು. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಅವನ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದರೆ ಅಂದು ಊಟ ರುಚಿಸಲಿಲ್ಲ. ಅವನು ಕೊಂಡುದು ನನ್ನ ವ್ಯಾಖ್ಯಾನವನ್ನಲ್ಲ, ಏಳನೆಯ ತರಗತಿಯಲ್ಲಿ ನಿಂತಿದ್ದ ಕರಿಗೂದಲಿನ ಮೇಷ್ಟರನ್ನು. ಇಂದಿನ ನಾನು ಅವನಿಗೆ ಬೇಕಾಗಿರಲಿಲ್ಲ.

ಅದಾದ ಕೆಲವು ದಿನಗಳಿಗೆ, ತರಗತಿಯಲ್ಲಿ ಹಿಂದಿನ ಮಣೆಯ ಮೇಲೆ ಕೂರುತ್ತಿದ್ದ, ಈಗ ನಮ್ಮ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಒಬ್ಬನು ಪುಸ್ತಕವನ್ನು ಹಿಡಿದು ಬಂದನು. ಅಂಚುಗಳಲ್ಲಿ ಪೆನ್ಸಿಲಿನ ಗೀಟುಗಳಿದ್ದುವು. ಅರಸಿನದ ಬೆರಳಿನ ಗುರುತೂ ಇದ್ದಿತು. “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನಲವತ್ತನೇ ಪುಟದಲ್ಲಿ ನೀವು ಹೇಳಿರೋದು ಅಂಗಡಿ ನಡೆಸೋನಿಗೆ ಒಪ್ಪೋದಿಲ್ಲ” ಎಂದು ಆರಂಭಿಸಿ ಒಂದು ಗಂಟೆ ವಾದಿಸಿದನು. ಅವನ ಮಾತು ಸರಿಯಾಗಿತ್ತು. ಅವನು ಕೊಂಡುದು ಒಂದೇ ಪ್ರತಿ. ಆದರೆ ಮುನ್ನೂರು ಪ್ರತಿಗಳಲ್ಲಿ ನನಗೆ ಸಂದುದು ಅದೊಂದೇ ಎಂದು ಅಂದು ರಾತ್ರಿ ಅನ್ನಿಸಿತು.

ಈ ಕಥೆಯನ್ನು ತಮ್ಮನಿಗೆ ಪತ್ರದಲ್ಲಿ ಬರೆದೆನು. ಹದಿನೈದು ದಿನಗಳ ಮೇಲೆ ಅವನು ಫೋನು ಮಾಡಿದನು. ತಟ್ಟೆಯ ಹೊದಿಕೆಯನ್ನು ಬಿಚ್ಚಿ, ದೀಪವನ್ನು ಆರಿಸಿ, ಹನ್ನೆರಡು ಹಾಡುಗಳನ್ನೂ ಎರಡು ಸಲ ಕೇಳಿದನಂತೆ. ಕೆಲವು ಹಾಡುಗಳಲ್ಲಿ ಮುದುಕರು ಸುಮ್ಮನೆ ಹುಡುಗರಾಗಲು ಹೊರಟಿದ್ದಾರೆ, ಅವು ಏನೂ ಚೆನ್ನಾಗಿಲ್ಲ ಎಂದನು. ತೀರಿಹೋದ ಚಾರ್ಲಿಯ ಡ್ರಮ್ಮನ್ನು ಗುರುತಿಸಿದಾಗ ಕೂತ ಕಡೆಯಿಂದ ಏಳಲಾಗಲಿಲ್ಲವಂತೆ. ಕಡೆಯ ಹಾಡಿನಲ್ಲಿ ಒಂದು ಗಿಟಾರು, ಒಂದು ಬಾಯಿವಾದ್ಯ, ಒಂದು ಮುದಿ ಕಂಠ, ಇಷ್ಟೇ. ಅದನ್ನು ಮೂರನೆಯ ಸಲವೂ ಹಾಕಿದನಂತೆ.

“ಅಂತೂ ಹಳೆಯವುಗಳ ಹಾಗೆ ಇಲ್ಲ, ಅಣ್ಣಯ್ಯ” ಎಂದನು.

“ನೀನೂ ಹಳೆಯ ಹಾಗೆ ಇಲ್ಲವಲ್ಲೋ” ಎಂದೆನು.

ಅವನು ನಕ್ಕನು. ಈಗ ಅವನ ಋಣದಲ್ಲಿ ಸ್ವಲ್ಪ ಭಾಗ ತೀರಿತೆಂದು ನನ್ನ ಎಣಿಕೆ.